ಚಿತ್ರಗೀತೆಯೂ ಮನೆವಾರ್ತೆಯೂ

ಶ್ರೀರಂಗಪಟ್ಟಣವನ್ನು ಬಿಟ್ಟು ಬೆಂಗಳೂರಿನ ಹಾದಿಯನ್ನು ಹಿಡಿದವರಿಗೆ, ಕಾವೇರಿಯ ಉತ್ತರದ ಕವಲನ್ನು ದಾಟಿದ ಸ್ವಲ್ಪ ಹೊತ್ತಿನಲ್ಲಿಯೇ ಕಿರಂಗೂರು ಎದುರಾಗುತ್ತದೆ. ಊರೇನೂ ದೊಡ್ಡದಲ್ಲ, ಆದರೆ ಅಲ್ಲಿಯ ಬನ್ನಿಮಂಟಪದ ಹೆಸರನ್ನು ಕೇಳದವರು ಈ ಸೀಮೆಯಲ್ಲಿ ವಿರಳ. ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ದಸರೆಯ ಉತ್ಸವವನ್ನು ಆರಂಭಿಸಿದರೆಂಬುದು ಚರಿತ್ರೆಯನ್ನು ಓದಿದವರಿಗೆಲ್ಲ ತಿಳಿದ ಸಂಗತಿ. ಪಟ್ಟಣದವರು ಇಂದು ನಡೆಸುವ ದಸರೆಯ ಮೆರವಣಿಗೆಯೂ ಈ ಬನ್ನಿಮಂಟಪದಿಂದಲೇ ಹೊರಡುತ್ತದೆ. ಹಬ್ಬವೆಂದ ಮೇಲೆ ವಾದ್ಯವಿರಬೇಕಷ್ಟೆ. ನಾಗಸ್ವರ, ತಮಟೆ, ಡೊಳ್ಳುಗಳ ಜೊತೆಗೆ ಮತ್ತೊಂದು ವಾದ್ಯವೂ ನಮ್ಮ ಹಳ್ಳಿಗಳ ಹಬ್ಬಕ್ಕೆ ಬಂದು ಸೇರಿ ಎರಡು ಮೂರು ತಲೆಮಾರುಗಳಾದುವು. ಅದು ಮರದ ಕೊಂಬೆಗೆ ಬಿಗಿದ ಧ್ವನಿವರ್ಧಕ. ಅದರ ಬಾಯಿಂದ ಹೊರಡುವುದು ಚಿತ್ರಗೀತೆ.

ಚಿತ್ರಗೀತೆಗಳ ಸಂಗೀತವು ಶುದ್ಧವೋ ಅಶುದ್ಧವೋ ಎಂಬ ವಿಚಾರವನ್ನು ಪಂಡಿತರಿಗೆ ಬಿಡೋಣ. ಅದು ನಮ್ಮ ಮನೆಗಳಿಗೆ ಹೇಗೆ ಬಂದಿತು, ಬಂದ ಮೇಲೆ ಯಾರದಾಯಿತು ಎಂಬುದಷ್ಟೇ ಇಲ್ಲಿಯ ಮಾತು. ಏತಕ್ಕೆಂದರೆ, ಚಿತ್ರವು ಮರೆತುಹೋದ ಮೇಲೆಯೂ ಹಾಡು ಉಳಿಯುತ್ತದೆ; ಉಳಿದ ಹಾಡು ಚಿತ್ರದ ನಾಯಕನದಾಗಿಯಲ್ಲ, ಅದನ್ನು ಕೇಳಿದ ಮನೆಯವರದಾಗಿ ಉಳಿಯುತ್ತದೆ.

ಕನ್ನಡದ ಮೊದಲನೆಯ ವಾಕ್ಚಿತ್ರವಾದ ‘ಸತಿ ಸುಲೋಚನ’ ತೆರೆಯ ಮೇಲೆ ಬಂದುದು 1934ನೆಯ ಇಸವಿಯ ಮಾರ್ಚಿ ತಿಂಗಳಲ್ಲಿ. ಅದಕ್ಕೆ ಮುಂಚೆ ಚಿತ್ರಗಳಿಗೆ ಮಾತಿರಲಿಲ್ಲವಾದರೂ ಸಂಗೀತವಿಲ್ಲದೆ ಇರಲಿಲ್ಲ. ತೆರೆಯ ಬದಿಯಲ್ಲಿ ಹಾರ್ಮೋನಿಯಂ ತಬಲಗಳನ್ನು ಇಟ್ಟುಕೊಂಡು, ಚಿತ್ರ ಓಡಿದಂತೆಲ್ಲ ಸಮಯೋಚಿತವಾಗಿ ನುಡಿಸುವ ವಿದ್ವಾಂಸರಿದ್ದರು. ಮೈಸೂರಿನ ರಾಜಪ್ಪನವರೆಂಬವರು ಹೀಗೆ ಮೂಕಿ ಚಿತ್ರಗಳಿಗೆ ನುಡಿಸುತ್ತಿದ್ದವರು. ಅವರ ಮಕ್ಕಳೇ ಮುಂದೆ 1953ರಲ್ಲಿ ‘ಸೌಭಾಗ್ಯಲಕ್ಷ್ಮಿ’ ಚಿತ್ರದಿಂದ ಆರಂಭಿಸಿ ಕನ್ನಡನಾಡನ್ನೆಲ್ಲ ಗುಣುಗುಣಿಸುವಂತೆ ಮಾಡಿದ ರಾಜನ್–ನಾಗೇಂದ್ರ ಸೋದರರು. ತಂದೆಯ ನಾದವು ಆ ರಾತ್ರಿಯ ಆಟದೊಡನೆಯೇ ಕರಗಿಹೋಗುತ್ತಿತ್ತು. ಮಕ್ಕಳದು ತಟ್ಟೆಯ ಮೇಲೆ ಕೊರೆಯಲ್ಪಟ್ಟು ಮನೆಮನೆಗೂ ಹೋಯಿತು.

ಈ ತಟ್ಟೆಯ ವಿಷಯವನ್ನು ಎರಡು ಮಾತಿನಲ್ಲಿ ಹೇಳಬೇಕು. ನಿಮಿಷಕ್ಕೆ 78 ಸುತ್ತು ತಿರುಗುತ್ತಿದ್ದ ಹಳೆಯ ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಿನಲ್ಲಿ ಹಿಡಿಯುತ್ತಿದ್ದುದು ಮೂರು ಮೂರೂವರೆ ನಿಮಿಷದ ಸಂಗೀತ ಮಾತ್ರ. ಪಲ್ಲವಿ, ಎರಡು ಮೂರು ಚರಣ, ನಡುವೆ ಒಂದಿಷ್ಟು ವಾದ್ಯ – ಇಷ್ಟರಲ್ಲಿ ಎಲ್ಲವೂ ಮುಗಿಯಬೇಕು. ಸಂಗೀತಗಾರನಿಗೆ ಇದು ಸಂಕೋಲೆಯಾಗಿದ್ದಿರಬಹುದು. ಗೃಹಿಣಿಗೆ ಮಾತ್ರ ಅನುಕೂಲವೇ ಆಯಿತು. ಒಲೆಯ ಮೇಲಿನ ಹಾಲು ಉಕ್ಕುವುದರೊಳಗೆ ಮುಗಿಯುವ ಹಾಡನ್ನು ಯಾರು ತಾನೇ ಕಲಿಯಲಾರರು?

ಹಳ್ಳಿಗೆ ಹಾಡನ್ನು ತಂದುದು ಟೂರಿಂಗ್ ಟಾಕೀಸು. ಊರ ಹೊರಗಿನ ಬಯಲಿನಲ್ಲಿ ಡೇರೆ ಎದ್ದಿತೆಂದರೆ ಸುತ್ತಲಿನ ಐದಾರು ಹಳ್ಳಿಗಳಿಗೆ ಅದೇ ವಾರ್ತೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಡೇರೆಯ ಮೇಲಿನ ಧ್ವನಿವರ್ಧಕದಿಂದ ಮೊದಲು ದೇವರ ಹಾಡು; ಅನೇಕ ಕಡೆಗಳಲ್ಲಿ ಅದು ಘಂಟಸಾಲ ಅವರು ಹಾಡಿದ ವೆಂಕಟೇಶಸ್ತುತಿ. ಅದು ಗದ್ದೆಯ ಮೇಲೆ ಹಾಯ್ದು ಬಂದಿತೆಂದರೆ ಆಟಕ್ಕೆ ಇನ್ನು ತಡವಿಲ್ಲವೆಂದು ಅರ್ಥ. ದನ ಕಟ್ಟುವವರು ಬೇಗ ಕಟ್ಟುವರು, ಮುದ್ದೆ ತೊಳಸುವವರು ಬೇಗ ತೊಳಸುವರು. ಗಡಿಯಾರವಿಲ್ಲದ ಮನೆಗೆ ಹಾಡೇ ಗಡಿಯಾರ. ನೆಲದ ಮೇಲೆ ಕೂಡುವವರಿಗೆ ಒಂದು ದರ, ಬೆಂಚಿಗೆ ಒಂದು, ಕುರ್ಚಿಗೆ ಇನ್ನೊಂದು. ಆದರೆ ಡೇರೆಯ ಹೊರಗೆ ಹರಿದು ಬರುವ ಹಾಡಿಗೆ ದರವಿಲ್ಲ. ಮನೆಯ ಹಿರಿಯರು ಚಿತ್ರಕ್ಕೆ ಹೋಗಗೊಡದ ಹೆಣ್ಣುಮಕ್ಕಳೂ ಜಗಲಿಯ ಮೇಲೆ ಕುಳಿತು ಹಾಡನ್ನು ಕೇಳಿಯೇ ಕೇಳಿದರು. ಎಷ್ಟೋ ಮಂದಿ ಅಜ್ಜಿಯರು ಚಿತ್ರವನ್ನು ಒಂದು ದಿನವೂ ಕಾಣದೆ ಅದರ ಹಾಡುಗಳನ್ನೆಲ್ಲ ಬಲ್ಲವರಾಗಿರುವುದರ ರಹಸ್ಯ ಇದು.

ಡೇರೆಯ ಬಾಗಿಲಿನಲ್ಲಿ ಹಾಡಿನ ಪುಸ್ತಕವೂ ಮಾರಾಟಕ್ಕೆ ಇರುತ್ತಿತ್ತು. ಅಗ್ಗದ ಕಾಗದ, ಮಾಸಿದ ಅಚ್ಚು. ಮೊದಲು ಕಥಾಸಾರಾಂಶ, ಕಥೆಯು ಸ್ವಾರಸ್ಯಕ್ಕೆ ಬಂದ ಕಡೆ ನಿಲ್ಲಿಸಿ, ಮುಂದಿನದನ್ನು ಬೆಳ್ಳಿತೆರೆಯ ಮೇಲೆ ನೋಡಿರೆಂಬ ಒಕ್ಕಣೆ. ಬಳಿಕ ಪದ್ಯಗಳು. ಅಕ್ಷರ ಕಲಿತ ಹುಡುಗಿಯರು ಕೈಯಲ್ಲಿ ಹಿಡಿದು ಓದಿಕೊಂಡ ಮೊದಲ ಕನ್ನಡ ಪದ್ಯಗಳಲ್ಲಿ ಚಿ. ಉದಯಶಂಕರ್, ಆರ್. ಎನ್. ಜಯಗೋಪಾಲ್, ವಿಜಯನಾರಸಿಂಹ ಮೊದಲಾದವರ ಚಿತ್ರಗೀತೆಗಳೂ ಇದ್ದುವೆಂಬುದನ್ನು ನಮ್ಮ ಸಾಹಿತ್ಯಚರಿತ್ರೆಕಾರರು ಯಾವಾಗಲಾದರೂ ಬರೆದಾರೋ ಇಲ್ಲವೋ ಕಾಣೆನು. ಇನ್ನೊಂದು ಸೋಜಿಗವನ್ನೂ ಇಲ್ಲಿಯೇ ಹೇಳಿಬಿಡಬಹುದು. ನಮ್ಮ ಮನೆಗಳಿಗೆ ಕನ್ನಡದ ಉಚ್ಚಾರವನ್ನು ಇಷ್ಟು ಇಂಪಾಗಿ ಕಲಿಸಿಕೊಟ್ಟ ಪಿ. ಬಿ. ಶ್ರೀನಿವಾಸ್, ಎಸ್. ಜಾನಕಿ, ಪಿ. ಸುಶೀಲ ಈ ಮೂವರೂ ಆಂಧ್ರದೇಶದವರು.

ಬಾನುಲಿಯ ಮೂಲಕ ಹಾಡು ಬಂದ ಕಥೆ ಇಷ್ಟು ಸರಳವಲ್ಲ. ಮೈಸೂರಿನಲ್ಲಿ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಅಧ್ಯಾಪಕರಾದ ಡಾ. ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿಯೇ ‘ಆಕಾಶವಾಣಿ’ಯನ್ನು ಆರಂಭಿಸಿದರು. ಮುಂದೆ ದೇಶದ ಬಾನುಲಿಗೆಲ್ಲ ಆ ಹೆಸರೇ ನಿಂತಿತು. ಆದರೆ 1952ರಲ್ಲಿ ಕೇಂದ್ರದ ಮಂತ್ರಿ ಬಿ. ವಿ. ಕೇಸ್ಕರರು, ಚಿತ್ರಗೀತೆಗಳಿಂದ ಜನರ ಅಭಿರುಚಿ ಕೆಡುತ್ತದೆಂದು ಅವನ್ನು ಬಾನುಲಿಯಿಂದ ಹೆಚ್ಚುಕಡಿಮೆ ಹೊರಗಿಟ್ಟರು. ಜನರು ಏನು ಮಾಡಿದರು? ಮುಳ್ಳನ್ನು ತಿರುಗಿಸಿ ಸಿಂಹಳದ ರೇಡಿಯೋವನ್ನು ಹಿಡಿದರು. 1957ರಲ್ಲಿ ‘ವಿವಿಧಭಾರತಿ’ ಹುಟ್ಟಿ, ಹೊರಗಿಟ್ಟದ್ದನ್ನು ಸರಕಾರವೇ ಒಳಗೆ ಕರೆದುಕೊಂಡಿತು. ಮನೆಗೆ ಯಾವ ಹಾಡು ತಕ್ಕುದೆಂಬುದನ್ನು ದೆಹಲಿಯಲ್ಲಿ ಕುಳಿತು ನಿರ್ಣಯಿಸುವುದು ಆಗದ ಕೆಲಸ.

ಹಾಡು ಮನೆಯದಾಗುವುದೆಂದರೆ ಹೇಗೆ? ನಮ್ಮ ಸೀಮೆಯಲ್ಲಿಯೇ ಇದಕ್ಕೆ ಒಳ್ಳೆಯ ನಿದರ್ಶನವುಂಟು. 1972ರಲ್ಲಿ ‘ಬಂಗಾರದ ಮನುಷ್ಯ’ ಬಂದಿತು. ಟಿ. ಕೆ. ರಾಮರಾಯರ ಕಾದಂಬರಿ, ಜಿ. ಕೆ. ವೆಂಕಟೇಶರ ಸಂಗೀತ, ಓದಿದ ಯುವಕನೊಬ್ಬನು ಹಳ್ಳಿಗೆ ಬಂದು ಬೇಸಾಯಕ್ಕೆ ನಿಲ್ಲುವ ಕಥೆ. ಅದರಲ್ಲಿ ಛಲವನ್ನು ಬೋಧಿಸುವ ಒಂದು ಹಾಡಿದೆ, ಪಿ. ಬಿ. ಶ್ರೀನಿವಾಸರು ಹಾಡಿದ್ದು. ವಿಶ್ವೇಶ್ವರಯ್ಯನವರೂ ಕನ್ನಂಬಾಡಿಯ ಕಟ್ಟೆಯೂ ಆ ಹಾಡಿನೊಳಗೆ ಹೆಸರು ಹೇಳಿಸಿಕೊಂಡು ಬರುತ್ತವೆ. ಬೇರೆ ಸೀಮೆಯವರಿಗೆ ಅದು ಒಂದು ದೃಷ್ಟಾಂತ. ಕಿರಂಗೂರು, ಪಾಂಡವಪುರದ ಕಡೆಯ ಒಕ್ಕಲಿಗನಿಗೆ ಅದು ದೃಷ್ಟಾಂತವಲ್ಲ, ತನ್ನ ಗದ್ದೆಯ ಮಾತು. ಕಟ್ಟೆಯಲ್ಲಿ ನೀರು 124 ಅಡಿಗೆ ಬಂದಿತೇ ಇಲ್ಲವೇ ಎಂದು ವರ್ಷವರ್ಷವೂ ಪತ್ರಿಕೆಯಲ್ಲಿ ನೋಡಿ, ಅದರಂತೆ ಬತ್ತವೋ ರಾಗಿಯೋ ಎಂದು ನಿಶ್ಚಯಿಸುವ ಮನೆಯಲ್ಲಿ ಆ ಹಾಡನ್ನು ಸುಮ್ಮನೆ ಸಂತೋಷಕ್ಕಾಗಿ ಕೇಳುವುದು ಸಾಧ್ಯವೇ ಇಲ್ಲ. ನಾಲೆಗೆ ನೀರು ಬಿಟ್ಟ ದಿನ ಅದು ಒಂದು ಬಗೆ, ಬಿಡದ ವರ್ಷ ಇನ್ನೊಂದು ಬಗೆ.

ಮೂರನೆಯ ಬಗೆಯೂ ಇದೆ. 1911ರಲ್ಲಿ ಆರಂಭವಾದ ಆ ಕಟ್ಟೆ ಎದ್ದಂತೆಲ್ಲ ಹಳೆಯ ಕನ್ನಂಬಾಡಿ ನೀರಿನೊಳಗೆ ಇಳಿಯಿತು. ಅಲ್ಲಿಯ ವೇಣುಗೋಪಾಲಸ್ವಾಮಿಯ ಗುಡಿಯೂ ಮುಳುಗಿ, ಬರಗಾಲದ ಬೇಸಗೆಯಲ್ಲಿ ಮಾತ್ರ ತಲೆ ಎತ್ತಿ ತೋರುತ್ತಿದ್ದು, ಈ ಶತಮಾನದಲ್ಲಿ ಕಲ್ಲುಕಲ್ಲಾಗಿ ಬಿಚ್ಚಿ ಹೊಸ ಕನ್ನಂಬಾಡಿಯ ದಡದಲ್ಲಿ ಮರಳಿ ಕಟ್ಟಲ್ಪಟ್ಟಿತು. ಊರನ್ನು ನೀರಿಗೆ ಕೊಟ್ಟು ಎದ್ದು ಬಂದವರ ಮೊಮ್ಮಕ್ಕಳೂ ಅದೇ ಹಾಡನ್ನು ಅದೇ ಧ್ವನಿವರ್ಧಕದಲ್ಲಿ ಕೇಳಿದರು. ಅವರ ಮನೆಯಲ್ಲಿ ಆ ಚರಣ ಬಂದಾಗ ಅಜ್ಜನು ಏನೆಂದುಕೊಂಡಿರಬಹುದು? ಹೆಮ್ಮೆಯೂ ಇದ್ದೀತು, ಹೆಮ್ಮೆಯ ಹಿಂದೆ ಇನ್ನೇನೋ ಇದ್ದೀತು. ಕವಿಯಾಗಲಿ ಗಾಯಕನಾಗಲಿ ಇದನ್ನು ಹಾಡಿನಲ್ಲಿ ಇಡಲಿಲ್ಲ. ಕೇಳಿದವರು ಇಟ್ಟರು.

ಇದಕ್ಕೆ ತಿರುಗುಮುರುಗಾದ ಕಥೆಯೂ ನಮ್ಮ ನೆರೆಯಲ್ಲಿಯೇ ಸಿಕ್ಕುತ್ತದೆ: ಮನೆಯ ಮಾತೇ ಹಾಡಾಗಿ, ಹಾಡು ಚಿತ್ರಕ್ಕೆ ಹೋಗಿ, ಚಿತ್ರದಿಂದ ಮನೆಗೆ ಹಿಂದಿರುಗಿದ ಕಥೆ. ಕೃಷ್ಣರಾಜಪೇಟೆಯ ಕಡೆಯ ಕಿಕ್ಕೇರಿಯಲ್ಲಿ 1915ರಲ್ಲಿ ಹುಟ್ಟಿದ ಕೆ. ಎಸ್. ನರಸಿಂಹಸ್ವಾಮಿಯವರು 1942ರಲ್ಲಿ ‘ಮೈಸೂರ ಮಲ್ಲಿಗೆ’ಯನ್ನು ಪ್ರಕಟಿಸಿದರು. ಅದರಲ್ಲಿ ರಾಜರಿಲ್ಲ, ರಾಣಿಯರಿಲ್ಲ. ಅಳಿಯನು ಮಾವನ ಮನೆಗೆ ಬರುತ್ತಾನೆ. ತವರಿಗೆ ಹೋದ ಹೆಂಡತಿಯ ಕಡೆಯಿಂದ ಬಳೆಗಾರನು ಸುದ್ದಿ ತರುತ್ತಾನೆ. ಹೊಸದಾಗಿ ಮದುವೆಯಾದವರು ದೀಪದ ಬೆಳಕಿನಲ್ಲಿ ಸಣ್ಣದಾಗಿ ಮುನಿಸಿಕೊಳ್ಳುತ್ತಾರೆ. ಗೃಹಸ್ಥಾಶ್ರಮದಲ್ಲಿಯೇ ಒಲುಮೆ ಉಂಟೆಂದು, ಅದನ್ನು ಹಾಡಲೂ ಬಹುದೆಂದು ಆ ಪುಸ್ತಕವು ನಮ್ಮ ಜನರಿಗೆ ತೋರಿಸಿತು. ಮದುವೆಯ ಉಡುಗೊರೆಯಾಗಿ ಕೊಡುವ ಪುಸ್ತಕವೆಂಬ ಮರ್ಯಾದೆ ಕನ್ನಡದಲ್ಲಿ ಅದಕ್ಕೆ ಬಂದಂತೆ ಇನ್ನೊಂದು ಕವನಸಂಗ್ರಹಕ್ಕೆ ಬಂದುದು ಕಾಣದು.

1992ರಲ್ಲಿ ಟಿ. ಎಸ್. ನಾಗಾಭರಣರು ಈ ಕವನಗಳನ್ನೇ ಎಳೆಯಾಗಿ ಹಿಡಿದು ಅದೇ ಹೆಸರಿನ ಚಿತ್ರವನ್ನು ತೆರೆಗೆ ತಂದರು, ಸಂಗೀತ ಸಿ. ಅಶ್ವಥ್ ಅವರದು. ಆ ಚಿತ್ರದ ಗೀತೆಗಳಿಗಾಗಿ ರಾಷ್ಟ್ರಪ್ರಶಸ್ತಿ ಬಂದುದು ಚಿತ್ರಕ್ಕೆಂದು ಬರೆದವರೊಬ್ಬರಿಗಲ್ಲ, ಐವತ್ತು ವರ್ಷಗಳ ಹಿಂದೆ ಮನೆಯ ಮಾತನ್ನು ಪದ್ಯವಾಗಿಸಿದ ಕಿಕ್ಕೇರಿಯ ಕವಿಗೆ. ಪುಸ್ತಕ ಓದುವ ಅಭ್ಯಾಸವಿಲ್ಲದ ಎಷ್ಟೋ ಮನೆಗಳಿಗೆ ಆ ಪದ್ಯಗಳು ಹೀಗೆ ಕಿವಿಯ ದಾರಿಯಿಂದ ತಲುಪಿದುವು. ನಾನು ಬಲ್ಲ ಒಬ್ಬ ಹಿರಿಯ ಗೃಹಿಣಿಯು ಬಳೆಗಾರನ ಹಾಡು ಬಂದಾಗಲೆಲ್ಲ ಕೈಕೆಲಸವನ್ನು ನಿಲ್ಲಿಸುತ್ತಿದ್ದರು. ಕಾರಣವನ್ನು ಕೇಳಿದರೆ, ತಮ್ಮ ಚೊಚ್ಚಲ ಬಸಿರಿನಲ್ಲಿ ತವರಿಗೆ ಬಳೆ ತೊಡಿಸಲು ಬಂದಿದ್ದ ಮುದುಕನ ಮಾತು. ಆ ಬಳೆಗಳ ಬಣ್ಣದ ಮಾತು. ಚಿತ್ರದಲ್ಲಿ ಯಾರು ಅಭಿನಯಿಸಿದರು ಎಂಬುದು ಅವರಿಗೆ ನೆನಪಿರಲಿಲ್ಲ.

ಚಿತ್ರಗೀತೆಯು ಬಂದು ಸೋಬಾನೆಯನ್ನು ಓಡಿಸಿತೆಂಬ ದೂರು ಹಿರಿಯರಲ್ಲಿ ಇದೆ. ದೂರು ಸುಳ್ಳಲ್ಲ. ಮದುವೆಯ ಚಪ್ಪರದಲ್ಲಿ ಧ್ವನಿವರ್ಧಕ ಕೂಗುತ್ತಿದ್ದರೆ ಹಸೆಯ ಮುಂದೆ ಹಾಡುವ ಹೆಂಗಸರ ಧ್ವನಿ ಯಾರಿಗೆ ಕೇಳೀತು? ಬೀಸುವ ಕಲ್ಲು ಹೋದ ಮೇಲೆ ಬೀಸುವ ಪದವೂ ಹೋಯಿತು. ಅದಕ್ಕೆ ಚಿತ್ರವೊಂದನ್ನೇ ಹಳಿಯುವುದು ನ್ಯಾಯವಲ್ಲ. ಆದರೂ ಸೋಬಾನೆಯಲ್ಲಿ ಮದುಮಗಳ ಹೆಸರನ್ನೇ ಸೇರಿಸಿ ಹಾಡಬಹುದಾಗಿತ್ತು. ತಟ್ಟೆಯ ಹಾಡು ಯಾರ ಹೆಸರನ್ನೂ ಸೇರಿಸಿಕೊಳ್ಳುವುದಿಲ್ಲ. ಆ ಕೊರತೆಯನ್ನು ಕೇಳುವವರು ತಮ್ಮ ನೆನಪಿನಿಂದ ತುಂಬಿಕೊಳ್ಳಬೇಕಾಗಿ ಬಂದಿತು.

ನೆನಪಿನ ವಿಷಯದಲ್ಲಿ ಶಾಸ್ತ್ರಜ್ಞರು ಕಂಡುಕೊಂಡ ಒಂದು ಸಂಗತಿ ಗೃಹಸ್ಥರಿಗೆ ಉಪಯುಕ್ತವಾದುದು. ವಯಸ್ಸಾದವರು ತಮ್ಮ ಜೀವಮಾನವನ್ನು ಹಿಂದಿರುಗಿ ನೋಡಿದಾಗ ಹತ್ತರಿಂದ ಮೂವತ್ತು ವರ್ಷದೊಳಗಿನ ಕಾಲವು ಉಳಿದ ಕಾಲಕ್ಕಿಂತ ಸ್ಪಷ್ಟವಾಗಿ ತೋರುತ್ತದೆ. ಹಾಡುಗಳ ವಿಷಯದಲ್ಲಿಯೂ ಹಾಗೆಯೇ. ಮುಪ್ಪಿನ ಮರೆವಿನ ರೋಗ ಬಂದವರಲ್ಲಿಯೂ, ಮನೆಯವರ ಹೆಸರು ತಪ್ಪಿಹೋದ ಮೇಲೆ, ಹಳೆಯ ಪರಿಚಯದ ರಾಗವನ್ನು ಗುರುತಿಸುವ ಶಕ್ತಿಯು ಎಷ್ಟೋ ದಿನ ಉಳಿದಿರುವುದುಂಟು. ಇದು ರೋಗವನ್ನು ವಾಸಿ ಮಾಡುವ ಔಷಧವಲ್ಲ. ಹಾಗೆಂದು ಯಾರೂ ಭ್ರಮಿಸಬಾರದು. ಆದರೆ ಮಾತು ಹೋಗದ ಕಡೆಗೆ ಹಾಡು ಹೋಗಿ ಬಂದರೆ, ಹಾಸಿಗೆಯ ಪಕ್ಕದಲ್ಲಿ ಕುಳಿತ ಮಗಳಿಗೆ ಅದು ಅಲ್ಪವಾದ ಸಮಾಧಾನವಲ್ಲ.

ಆ ಹೊತ್ತಿಗೆ ಹಾಕಬೇಕಾದ ಹಾಡು ಯಾವುದು? ಇಲ್ಲಿಯೇ ತೊಡಕು. ತಾಯಿಯು ಇಪ್ಪತ್ತರಲ್ಲಿ ಯಾವ ಹಾಡಿಗೆ ಕಿವಿಗೊಟ್ಟಿದ್ದಳೆಂಬುದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ಅವಳ ಒಡವೆಯ ಲೆಕ್ಕ ತಿಳಿದಿರುತ್ತದೆ, ಹೊಲದ ಸರ್ವೆ ನಂಬರು ತಿಳಿದಿರುತ್ತದೆ, ಹಾಡು ತಿಳಿದಿರುವುದಿಲ್ಲ. ಹಬ್ಬಕ್ಕೆ ಎಲ್ಲರೂ ಕೂಡಿದ ದಿನ, ಊಟವಾಗಿ ಎಲೆ ಅಡಿಕೆ ಹಾಕಿಕೊಳ್ಳುವ ಹೊತ್ತಿನಲ್ಲಿ, ಮನೆಯ ಹಿರಿಯರೊಬ್ಬೊಬ್ಬರನ್ನೂ ಕೇಳಿ ಬರೆದಿಟ್ಟುಕೊಳ್ಳಬಹುದು: ಯಾವ ಹಾಡು, ಎಲ್ಲಿ ಕೇಳಿದ್ದು, ಪಕ್ಕದಲ್ಲಿ ಯಾರಿದ್ದರು. ಮೂರನೆಯ ಪ್ರಶ್ನೆಗೆ ಬಂದಾಗ ಕೆಲವರು ನಕ್ಕು ಸುಮ್ಮನಾಗುವರು. ಅಲ್ಲಿ ಒತ್ತಾಯಿಸಬಾರದು.

ಇನ್ನೊಂದು ಮಾತು. ಅಟ್ಟದ ಮೇಲೆ ಹಳೆಯ ಕ್ಯಾಸೆಟ್ಟುಗಳ ಡಬ್ಬ ಇರುವ ಮನೆಗಳು ಇನ್ನೂ ಬಹಳ ಇವೆ. ಈ ಹಾಡುಗಳೆಲ್ಲ ಈಗ ಕೈಯಲ್ಲಿಯ ಫೋನಿನಲ್ಲಿಯೇ ಸಿಕ್ಕುವಾಗ ಅದೇಕೆಂದು ಗುಜರಿಯವನಿಗೆ ಹಾಕುವ ಮುಂಚೆ ಸ್ವಲ್ಪ ನಿಲ್ಲಬೇಕು. ಆ ಕಾಲದಲ್ಲಿ ಖಾಲಿ ಕ್ಯಾಸೆಟ್ಟನ್ನು ತಂದು, ರೇಡಿಯೋದ ಮುಂದೆ ಯಂತ್ರವನ್ನಿಟ್ಟು ಹಾಡು ಹಿಡಿಯುವುದು ವಾಡಿಕೆಯಾಗಿತ್ತು. ಹಾಡಿನ ಜೊತೆಗೆ ಕೋಣೆಯ ಸದ್ದೂ ಅದರೊಳಗೆ ಸೇರಿತು: ಪಾತ್ರೆ ಬಿದ್ದದ್ದು, ಮಗು ಅತ್ತದ್ದು, ಸುಮ್ಮನಿರೆಂದು ತಾತ ಗದರಿದ್ದು. ಹಾಡು ಎಲ್ಲಿಯಾದರೂ ದೊರೆತೀತು, ತಾತನ ಗದರಿಕೆ ದೊರೆಯದು. ತೇವ ಹಿಡಿದ ನಾಡೆಯನ್ನು ಒಮ್ಮೆಗೇ ಯಂತ್ರಕ್ಕೆ ಕೊಡದೆ, ಚಕ್ರದ ತೂತಿಗೆ ಪೆನ್ಸಿಲನ್ನು ತೂರಿಸಿ ಕೈಯಿಂದ ಮೆಲ್ಲಗೆ ಒಂದು ಸಾರಿ ಪೂರ್ತಿ ಸುತ್ತಿಕೊಂಡು, ಆಮೇಲೆ ಹಾಕಿ ಕೇಳಬೇಕು. ಎರಡು ಮಗ್ಗುಲನ್ನೂ, ಕೊನೆಯವರೆಗೆ.