ಜಾತ್ರೆಯ ಆಟ ಜಗತ್ತಿಗೆ ಬಂದದ್ದು

ನಿಂತೇ ಹೋಗಿದ್ದ ಒಲಿಂಪಿಕ್ಸ್ ಮತ್ತೆ ಹೇಗೆ ಶುರುವಾಯಿತು? ನಮ್ಮ ಕಡೆಯವರು ಅಲ್ಲಿ ಓಡಿದ್ದುಂಟೇ? (ಓದುಗರು, ಕಲ್ಲೋಳಿ)

ಊರ ಜಾತ್ರೆಯ ಕುಸ್ತಿಯನ್ನು ನೆನೆಯಿರಿ. ಗ್ರೀಸಿನ ಒಲಿಂಪಿಯಾದಲ್ಲೂ ಜ್ಯೂಸ್ ದೇವರ ಹಬ್ಬಕ್ಕೆ ನಾಲ್ಕು ವರ್ಷಕ್ಕೊಮ್ಮೆ ಓಟ, ಕುಸ್ತಿ ನಡೆಯುತ್ತಿದ್ದವು. ರೋಮಿನ ಕ್ರೈಸ್ತ ಚಕ್ರವರ್ತಿಗಳು ಹಳೆಯ ದೇವರ ಪೂಜೆ ನಿಷೇಧಿಸಿದಾಗ ಜಾತ್ರೆಯೊಡನೆ ಆಟವೂ ನಿಂತಿತು. 1894ರಲ್ಲಿ ಫ್ರಾನ್ಸಿನ ಪಿಯರ್ ದ ಕುಬರ್ತಾನ್ ಪ್ಯಾರಿಸ್‌ನಲ್ಲಿ ಸಭೆ ಸೇರಿಸಿ, ಪೂಜೆ ಬಿಟ್ಟು ಆಟವನ್ನಷ್ಟೇ ಎತ್ತಿಕೊಂಡರು. 1896ರಲ್ಲಿ ಅಥೆನ್ಸ್‌ನಲ್ಲಿ ಮೊದಲ ಕೂಟ. ಮ್ಯಾರಥಾನ್ ಎಂಬ ದೂರದ ಓಟ ಹಳೆಯದಲ್ಲ, ಆಗ ಹೊಸದಾಗಿ ಸೇರಿಸಿದ್ದು.

ಆ ಓಟದಲ್ಲೇ ನಮ್ಮವರು ಓಡಿದ್ದು! 1920ರ ಆಂಟ್‌ವರ್ಪ್ ಒಲಿಂಪಿಕ್ಸ್‌ನಲ್ಲಿ ಬೆಳಗಾವಿಯ ಫಡೆಪ್ಪ ಚೌಗುಲೆ 42 ಕಿಲೋಮೀಟರಿಗೂ ಮಿಕ್ಕಿದ ದಾರಿಯನ್ನು ಸುಮಾರು 2 ಗಂಟೆ 51 ನಿಮಿಷದಲ್ಲಿ ಮುಗಿಸಿ 19ನೆಯವರಾದರು. ಭಾರತದ ತಂಡವನ್ನು ಅಲ್ಲಿಗೆ ಕಳಿಸಲು ಮುಂದೆ ನಿಂತವರು ಉದ್ಯಮಿ ದೊರಾಬ್ಜಿ ಟಾಟಾ.