ಮೋಹನ್ ವಾಣಿ

ಮೋಹನ್ ಆರ್. ವಾಣಿ ಅವರು ಭಾರತದ ರೋಗನಿರೋಧಕಶಾಸ್ತ್ರ ವಿಜ್ಞಾನಿ. ಪುಣೆಯ ರಾಷ್ಟ್ರೀಯ ಜೀವಕೋಶ ವಿಜ್ಞಾನ ಕೇಂದ್ರದಲ್ಲಿ ವಿಜ್ಞಾನಿಯಾಗಿಯೂ ಮುಂದೆ ಅದರ ನಿರ್ದೇಶಕರಾಗಿಯೂ ಕಾರ್ಯನಿರ್ವಹಿಸಿದ್ದಾರೆ. ರೋಗನಿರೋಧಕ ವ್ಯವಸ್ಥೆಗೂ ಮೂಳೆಗೂ ಇರುವ ಸಂಬಂಧ ಅವರ ಸಂಶೋಧನೆಯ ಮುಖ್ಯ ವಿಷಯವಾಗಿದೆ.

ಹಿನ್ನೆಲೆ

ಮೂಳೆಯು ಜೀವಂತ ಅಂಗಾಂಶ. ಆಸ್ಟಿಯೋಕ್ಲಾಸ್ಟ್ ಎಂಬ ಜೀವಕೋಶಗಳು ಹಳೆಯ ಮೂಳೆಯನ್ನು ಕರಗಿಸುತ್ತವೆ; ಆಸ್ಟಿಯೋಬ್ಲಾಸ್ಟ್‌ಗಳು ಅಲ್ಲಿ ಹೊಸ ಮೂಳೆಯನ್ನು ಕಟ್ಟುತ್ತವೆ. ಕಟ್ಟುವುದಕ್ಕಿಂತ ಕರಗುವುದು ಹೆಚ್ಚಾದಾಗ ಮೂಳೆಯು ಟೊಳ್ಳಾಗಿ ಸುಲಭವಾಗಿ ಮುರಿಯುತ್ತದೆ. ಇದೇ ಆಸ್ಟಿಯೋಪೊರೋಸಿಸ್. ರುಮಟಾಯ್ಡ್ ಸಂಧಿವಾತದಲ್ಲಿ ದೇಹವನ್ನು ಕಾಯಬೇಕಾದ ರೋಗನಿರೋಧಕ ಕೋಶಗಳೇ ಆಸ್ಟಿಯೋಕ್ಲಾಸ್ಟ್‌ಗಳನ್ನು ಪ್ರಚೋದಿಸುವುದರಿಂದ ಕೀಲುಗಳ ಮೂಳೆ ಸವೆಯುತ್ತದೆ.

ಸಂಶೋಧನೆ

ಆಸ್ಟಿಯೋಕ್ಲಾಸ್ಟ್‌ಗಳು ರಕ್ತಕಣಗಳ ಮೂಲಕೋಶಗಳಿಂದಲೇ ರೂಪುಗೊಳ್ಳುತ್ತವೆ. ಟಿ ಕೋಶಗಳು ಸ್ರವಿಸುವ ಇಂಟರ್‌ಲ್ಯೂಕಿನ್-3 ಎಂಬ ಪ್ರೋಟೀನು ಈ ಬೆಳವಣಿಗೆಯನ್ನು ತಡೆದು, ಪೂರ್ವಕೋಶಗಳನ್ನು ಮರಳಿ ಬಾರದಂತೆ ಮ್ಯಾಕ್ರೋಫೇಜ್ ಎಂಬ ಭಕ್ಷಕಕೋಶಗಳಾಗಿ ಮಾರ್ಪಡಿಸುತ್ತದೆ ಎಂಬುದನ್ನು ವಾಣಿ ಮತ್ತು ಅವರ ಸಹೋದ್ಯೋಗಿಗಳು 2003ರಲ್ಲಿ ಇಲಿಯ ಜೀವಕೋಶಗಳಲ್ಲಿ ತೋರಿಸಿದರು. 2010ರಲ್ಲಿ ಮಾನವ ಜೀವಕೋಶಗಳಲ್ಲಿಯೂ ಇಂತಹ ತಡೆ ಕಂಡುಬಂದಿತು; ಆದರೆ ಅಲ್ಲಿ ಪೂರ್ವಕೋಶಗಳು ಡೆಂಡ್ರಿಟಿಕ್ ಕೋಶಗಳ ಕಡೆಗೆ ಹೊರಳಿದವು. ಇದೇ ಪ್ರೋಟೀನು ಇಲಿಗಳಲ್ಲಿ ಉಂಟುಮಾಡಿದ ಸಂಧಿವಾತವನ್ನು ತಗ್ಗಿಸುತ್ತದೆ ಎಂದು 2011ರಲ್ಲಿಯೂ, ಮಾನವ ಕಾಂಡಕೋಶಗಳು ಆಸ್ಟಿಯೋಬ್ಲಾಸ್ಟ್‌ಗಳಾಗಲು ನೆರವಾಗುತ್ತದೆ ಎಂದು 2012ರಲ್ಲಿಯೂ ಅವರ ತಂಡ ವರದಿ ಮಾಡಿತು.

ಮಹತ್ವ

ಬಳಕೆಯಲ್ಲಿರುವ ಔಷಧಗಳಲ್ಲಿ ಹಲವು ಮೂಳೆ ಕರಗುವುದನ್ನು ಮಾತ್ರ ತಡೆಯುತ್ತವೆ. ಕರಗುವುದನ್ನು ತಡೆಯುವ ಮತ್ತು ಕಟ್ಟುವುದಕ್ಕೆ ನೆರವಾಗುವ ಎರಡೂ ಗುಣಗಳು ದೇಹದ ಒಂದೇ ಪ್ರೋಟೀನಿನಲ್ಲಿ ಕಂಡುಬಂದಿರುವುದು ಈ ಸಂಶೋಧನೆಯ ವೈಶಿಷ್ಟ್ಯ. ಆದರೆ ಇವು ಪ್ರಯೋಗಾಲಯದ ಫಲಿತಾಂಶಗಳು; ರೋಗಿಗಳ ಚಿಕಿತ್ಸೆಗೆ ಅನ್ವಯಿಸುವ ಮುನ್ನ ಸುರಕ್ಷತೆ ಹಾಗೂ ಪರಿಣಾಮಗಳೆರಡೂ ಮನುಷ್ಯರಲ್ಲಿ ಸಿದ್ಧಪಡಬೇಕಾಗುತ್ತದೆ.