ತೆರೆಯ ಮೇಲಿನ ಒತ್ತಕ್ಷರ

ಬಿಡಿಭಾಗಗಳನ್ನು ಕೂಡಿಸಿ ಮನೆಯಲ್ಲಿಯೇ ಗಣಕಯಂತ್ರ ಕಟ್ಟುವ ಹವ್ಯಾಸಿಗಳು ಎದುರಿಸುವ ದೊಡ್ಡ ಪ್ರಶ್ನೆಯೊಂದುಂಟು: ತೆರೆಯ ಮೇಲೆ ಚಿತ್ರ ಮೂಡಿಸಲು ಯಾವ ಚಿಪ್ಪನ್ನು ಆರಿಸಬೇಕು? ಕನ್ನಡ ಪಾಠ ಹೇಳಿ ನಿವೃತ್ತನಾದ ನನಗೆ ಈ ಗೊಡವೆ ಏಕೆಂದು ತಾವು ಹುಬ್ಬೇರಿಸಬಹುದು. ಬಾಗಲಕೋಟೆಯಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಇಂಥದೊಂದು ಯಂತ್ರವನ್ನು ಕಟ್ಟುತ್ತಿದ್ದಾನೆ. ಅದು ಕನ್ನಡವನ್ನು ತೋರಿಸಲೇಬೇಕೆಂಬುದು ಅವನ ಹಟ. ಅವನು ಕೇಳಿದ್ದು ವಿದ್ಯುತ್ತಿನ ವಿಚಾರವನ್ನಲ್ಲ: "ಸರ, ನಮ್ಮ ಒಂದು ಅಕ್ಷರಕ್ಕ ಎಷ್ಟು ಚುಕ್ಕಿ ಬೇಕಾಗ್ತಾವ್ರಿ?"

ಕೇಳಬೇಕಾದ ಪ್ರಶ್ನೆಯೇ ಸರಿ. ತೆರೆಯೆಂದರೆ ಚುಕ್ಕಿಗಳ ಸಾಲು. ಇಳಕಲ್ ಸೀರೆಯ ಮೇಲೆ ಕಸೂತಿ ಹಾಕುವ ಹೆಣ್ಣುಮಕ್ಕಳು ಎಳೆ ಎಣಿಸಿ ತೇರನ್ನೂ ಗೋಪುರವನ್ನೂ ಮೂಡಿಸುವಂತೆ ಇಲ್ಲಿಯೂ ಎಲ್ಲವೂ ಎಣಿಕೆಯ ಕೆಲಸ. ಇಂಗ್ಲಿಷಿನ ಅಕ್ಷರ ಎಂಟು ಚುಕ್ಕಿ ಅಗಲ, ಎಂಟು ಚುಕ್ಕಿ ಎತ್ತರದ ಮನೆಯಲ್ಲಿ ನೆಮ್ಮದಿಯಾಗಿ ಕೂಡುತ್ತದೆ. ನಾನು ಚೌಕುಳಿ ಹಾಳೆಯ ಮೇಲೆ 'ಸ್ತ್ರೀ' ಎಂದು ಬರೆದು ನೋಡಿದೆ. ತಲೆಯ ಮೇಲೆ ಗುಡಿಸು, ಪಕ್ಕದಲ್ಲಿ ದೀರ್ಘ, ಕಾಲಡಿಯಲ್ಲಿ ತಕಾರದ ಒತ್ತು, ಅದರ ಬೆನ್ನಿಗೆ ರಕಾರದ ಒತ್ತು! ಗುಡಿಸಿಗೆ 4, ಒಡಲಿಗೆ 12, ಒತ್ತುಗಳಿಗೆ 8, ಹೀಗೆ 24 ಸಾಲಿಗಿಂತ ಕಡಿಮೆಯಾದರೆ ಕಣ್ಣಿಗೆ ಹಿತವೆನಿಸಲಿಲ್ಲ. ಬಾದಾಮಿಯಲ್ಲಿ ಸುಮಾರು 700ರ ವೇಳೆಗೆ ಕಪ್ಪೆ ಅರಭಟ್ಟನ ಶಾಸನವನ್ನು ಕೆತ್ತಿದವನಿಗೆ ಬಂಡೆಯ ಮೇಲೆ ಇಂಥ ಚೌಕುಳಿಯ ಕಟ್ಟುಪಾಡು ಇರಲಿಲ್ಲ.

ಇನ್ನು, ಚಿತ್ರಕ್ಕೆ ಪ್ರತ್ಯೇಕ ಚಿಪ್ಪೇಕೆ? ಹುನಗುಂದ ದಾಟಿ ಇಳಕಲ್ಲಿಗೆ ಹೋದವರು ನೇಕಾರರ ಮನೆಗಳಲ್ಲಿ ಕಂಡಿರಬಹುದು: ಮಗ್ಗದಲ್ಲಿ ಕುಳಿತವನು ಕಂಡಿಕೆ ಸುತ್ತಲು ಏಳುವುದಿಲ್ಲ, ಅದಕ್ಕೆ ಮನೆಯ ಬೇರೆ ಕೈಗಳಿವೆ. ನಮ್ಮ ಹುಡುಗನ ಯಂತ್ರದ ಮಿದುಳು 1976ರಲ್ಲಿ ಬಂದ ಜೈಲಾಗ್ ಸಂಸ್ಥೆಯ ಝಡ್-80. ಅದು ನೇರವಾಗಿ ನಿಭಾಯಿಸಬಲ್ಲ ನೆನಪು 65,536 ಬೈಟು ಮಾತ್ರ. ಅಡ್ಡಕ್ಕೆ 512, ಉದ್ದಕ್ಕೆ 212 ಚುಕ್ಕಿಗಳ ಹದಿನಾರು ಬಣ್ಣದ ಒಂದೇ ಚಿತ್ರ 54,272 ಬೈಟುಗಳನ್ನು ನುಂಗುತ್ತದೆ. ಆದುದರಿಂದ ಚಿತ್ರದ ಚಿಪ್ಪಿಗೆ ತನ್ನದೇ ಆದ ನೆನಪಿರುವುದು ಲೇಸು.

ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1979ರಲ್ಲಿ ತಂದ ಟಿಎಂಎಸ್ 9918 ಹೊಸಬರಿಗೆ ಸುಲಭ. ಸಾಮಾನ್ಯ ಹಲಗೆಯ ತೂತುಗಳಲ್ಲಿ ಅದರ 40 ಕಾಲುಗಳು ಸರಿಯಾಗಿ ಇಳಿಯುತ್ತವೆ. ಆದರೆ ಅದರ ಲೋಕವೆಲ್ಲ ಎಂಟೆಂಟು ಚುಕ್ಕಿಯ ಮನೆಗಳು; ಒತ್ತನ್ನು ಅಕ್ಷರಕ್ಕೆ ಸೇರಿಸುವ ದುಡಿಮೆಯೆಲ್ಲ ಝಡ್-80ರ ಹೆಗಲಿಗೇ ಬೀಳುತ್ತದೆ. ಮೇಲಾಗಿ ಅದು ಅಮೆರಿಕದ ಟಿವಿ ಪದ್ಧತಿಗೆ ಹೊಂದಿದ್ದು; ನಮ್ಮ ಪಾಲ್ ಪದ್ಧತಿಯ ಹಳೆಯ ಟಿವಿಗೆ ಹತ್ತಿರವಾಗಬೇಕಾದರೆ 9929ಎ ಎಂಬ ಅದರ ತಮ್ಮನನ್ನು ಹುಡುಕಬೇಕು. ಎನ್‌ಇಸಿಯ 7220 ಗಟ್ಟಿಗ. 1982ರ ಪಿಸಿ-9801ರಲ್ಲಿ ಒಂದಲ್ಲ, ಎರಡು 7220ಗಳಿದ್ದುವು. ಆದರೆ ಅದರ ಸುತ್ತ ಕಟ್ಟಬೇಕಾದ ಸಂಸಾರ ದೊಡ್ಡದು.

ನನ್ನ ಮನಸ್ಸು ಒಲಿದದ್ದು ಯಾಮಹಾದ ವಿ9938ರ ಕಡೆಗೆ. 1985ರ ಈ ಚಿಪ್ಪು 1,31,072 ಬೈಟುಗಳ ನೆನಪನ್ನು ಇಟ್ಟುಕೊಳ್ಳಬಲ್ಲದು. ನಾಲ್ಕೇ ಬಣ್ಣ ಸಾಕೆಂದರೆ ಒಂದು ತೆರೆಗೆ 27,136 ಬೈಟು ಹೋಗಿ, ಉಳಿದ ಜಾಗದಲ್ಲಿ 24ಕ್ಕೆ 24ರ ಏಳುನೂರಕ್ಕೂ ಹೆಚ್ಚು ಅಕ್ಷರರೂಪಗಳನ್ನು ಕೂಡಿಡಬಹುದು. ಮುಖ್ಯವಾದ ಗುಣ ಬೇರೆ: ಒಂದು ತುಂಡು ಚಿತ್ರವನ್ನು ಎತ್ತಿ ಇನ್ನೊಂದರ ಮೇಲಿಡುವಾಗ ಖಾಲಿ ಚುಕ್ಕಿಗಳನ್ನು ಬಿಟ್ಟು ಬರೆದ ಚುಕ್ಕಿಗಳನ್ನಷ್ಟೇ ಇಡೆಂದರೆ ಅದು ತಾನೇ ಇಡುತ್ತದೆ. ಸಕಾರದ ಕೆಳಗೆ ಒತ್ತು ಬಂದು ಕೂಡುವುದು ಹೀಗೆಯೇ ಅಲ್ಲವೆ? 512ರ ಸಾಲಿನಲ್ಲಿ ಚುಕ್ಕಿಯ ಅಗಲ ಎತ್ತರದ ಅರ್ಧದಷ್ಟಿರುವುದರಿಂದ 24 ಚುಕ್ಕಿ ಅಗಲ, 12 ಸಾಲು ಎತ್ತರದ ಒಡಲು ನಮ್ಮ ಲಿಪಿಗೆ ತಕ್ಕ ದುಂಡನ್ನೂ ಪಡೆಯುತ್ತದೆ. ತೆರೆಗೆ ಎಂಟು ಸಾಲು, ಸಾಲಿಗೆ ಇಪ್ಪತ್ತೊಂದು ಅಕ್ಷರ. ತ್ರಿಪದಿಗೆ ಧಾರಾಳವಾಯಿತು.

ತೊಡಕಿಲ್ಲವೆಂದಲ್ಲ. ಇದರ 64 ಕಾಲುಗಳ ನಡುವಣ ಅಂತರ 1.778 ಮಿಲಿಮೀಟರು, ಸಾಮಾನ್ಯ ಹಲಗೆಯ ತೂತಿನದು 2.54. ಬೇರೆ ಹಲಗೆ ಮಾಡಿಸಬೇಕು. ಚಿಪ್ಪಿನ ತಯಾರಿಕೆಯೂ ನಿಂತುಹೋಗಿದೆ. ಹಳೆಯ ದಾಸ್ತಾನಿನಿಂದಲೇ ಕೊಳ್ಳಬೇಕು, ಹೆಸರು ಅಳಿಸಿ ಬೇರೆ ಬರೆದ ಮಾಲೂ ಅದರಲ್ಲಿ ಬೆರೆತಿರುವುದರಿಂದ ಪರೀಕ್ಷಿಸಿಯೇ ಬೆಸುಗೆ ಹಾಕಬೇಕು.

ಹುಡುಗ ಯಾಮಹಾವನ್ನೇ ಆರಿಸಿದ್ದಾನೆ. ಅಕ್ಷರಗಳ ಚುಕ್ಕಿ ಬಿಡಿಸುವ ಕೆಲಸ ನನ್ನ ಪಾಲಿಗೆ ಬಂದಿದೆ. ಕಕಾರದಿಂದ ಳಕಾರದವರೆಗೆ ಒಡಲುಗಳು ಮುಗಿದುವು. ತಕಾರದ ಒತ್ತಿನ ಜೊತೆಗೆ ರಕಾರದ ಒತ್ತು ಮಾತ್ರ ಎಂಟು ಸಾಲಿನೊಳಗೆ ಇನ್ನೂ ಅಂದವಾಗಿ ಕುಳಿತಿಲ್ಲ.